ಗರಸು ದಾರಿಯ ಅಲೆಗಳು

ಕಡೂರು ಬಿಟ್ಟು ಸಿಂಗಟಗೆರೆಯ ಕಡೆ ಹೊರಟವರು ಎಲ್ಲಾದರೂ ಒಂದು ಕಡೆ ಡಾಂಬರು ಬಿಟ್ಟು ಮಗ್ಗುಲಿಗೆ ಇಳಿದರೆ ಸಾಕು, ದಾರಿಯ ದನಿಯೇ ಬೇರೆಯಾಗುತ್ತದೆ. ಅಷ್ಟು ಹೊತ್ತೂ ಚಕ್ರದಡಿ ಒಂದೇ ಸಮನೆ ಗುನುಗುತ್ತಿದ್ದ ನೆಲ ಈಗ ಕರಕರನೆ ಮಾತಿಗೆ ತೊಡಗುತ್ತದೆ. ಸಣ್ಣ ಕಲ್ಲೊಂದು ಸಿಡಿದು ಮಡ್‌ಗಾರ್ಡಿಗೆ ಟಣ್ಣೆಂದು ತಾಗುತ್ತದೆ, ಇನ್ನೊಂದು ಬೇಲಿಯ ಕತ್ತಾಳೆಗೆ ಬಡಿದು ಸುಮ್ಮನಾಗುತ್ತದೆ. ಕಾರ್ತಿಕ ಕಳೆದು ಮಾರ್ಗಶಿರದ ಇಬ್ಬನಿ ಇನ್ನೂ ಆರಿರದ ಬೆಳಗಿನಲ್ಲಿ ಆ ದಾರಿಗೆ ಒಂದು ವಾಸನೆಯೂ ಇರುತ್ತದೆ: ಒದ್ದೆ ಗರಸಿನದು, ಕೊಯ್ದು ಹಾಕಿದ ರಾಗಿ ಹುಲ್ಲಿನದು, ಬದುವಿನಾಚೆ ಹೂಬಿಟ್ಟು ಕಾಯಿಗಟ್ಟುತ್ತಿರುವ ಅವರೆಯ ಸೊಗಡಿನದು. ಹಿಂದೆ, ಪಡುವಣದ ಅಂಚಿನಲ್ಲಿ, ಬಾಬಾಬುಡನ್ ಗಿರಿಯ ಸಾಲು ಮೋಡವೋ ಬೆಟ್ಟವೋ ತಿಳಿಯದ ನೀಲಿಯಲ್ಲಿ ಮಲಗಿದೆ. ಮಳೆಯನ್ನೆಲ್ಲ ಆ ಬೆಟ್ಟಗಳೇ ತಡೆದು ತಮ್ಮ ಮೇಲೆ ಸುರಿಸಿಕೊಂಡು, ಈಚೆಗೆ ಉಳಿದಷ್ಟನ್ನು ಕಳಿಸುತ್ತವೆ. ಆ ಉಳಿದಷ್ಟರಲ್ಲೇ ಈ ಸೀಮೆ ತೆಂಗು ಬೆಳೆದಿದೆ, ರಾಗಿ ಬೆಳೆದಿದೆ, ಕೆಂಪು ನೆಲದ ಮೇಲೆ ತಂಗಡಿಯ ಹಳದಿಯನ್ನು ಚೆಲ್ಲಿಕೊಂಡಿದೆ.

ಬೈಕು ಹತ್ತಿದವರಲ್ಲಿ ಬಹಳ ಮಂದಿ ಹೆದ್ದಾರಿ ಹಿಡಿದು ಕಡೂರನ್ನು ದಾಟಿ ಮುಳ್ಳಯ್ಯನಗಿರಿಗೆ ಹೋಗುತ್ತಾರೆ. 1930 ಮೀಟರಿನ ಆ ಶಿಖರ ಕರೆದರೆ ಯಾರು ತಾನೆ ಇಲ್ಲವೆನ್ನಲಾದೀತು? ಆದರೆ ನಮ್ಮ ಗುಂಪಿಗೆ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡು ಬಯಲಿಗೆ ಇಳಿಯುವ ರೂಢಿ. ಬೀರೂರಿನಿಂದ ಒಬ್ಬರು, ತರೀಕೆರೆಯಿಂದ ಇಬ್ಬರು, ಅರಸೀಕೆರೆಯಿಂದ ತಮ್ಮ ಹಳೆಯ ಯೆಜ್ಡಿಯ ಜೊತೆ ಬರುವ ಹಿರಿಯರೊಬ್ಬರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿ ಹುಟ್ಟಿದ ಈ ಗಾಡಿಯ ಎದೆಬಡಿತ ಇನ್ನೂ ನಿಂತಿಲ್ಲ. ಎರಡು ಸೈಲೆನ್ಸರುಗಳ ಅದರ ದನಿ ಬೇಲಿಗಳ ನಡುವೆ ಹರಿದು ಬರುವಾಗ ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡುತ್ತಾರೆ, ಯಾರೋ ಪರಿಚಯದವರು ಬಂದರೇನೋ ಎಂದು.

ಗುಂಪು ಎಂದರೂ ಗರಸು ದಾರಿಯಲ್ಲಿ ಯಾರೂ ಯಾರ ಪಕ್ಕದಲ್ಲೂ ಇರುವುದಿಲ್ಲ. ಮುಂದಿನವರೆಬ್ಬಿಸಿದ ಧೂಳು ನೆಲಕ್ಕಿಳಿಯುವಷ್ಟು ದೂರ ಬಿಟ್ಟು ಹಿಂದಿನವರು ಹೊರಡುತ್ತಾರೆ, ಅವರ ಧೂಳಿಗೆ ಮತ್ತೊಬ್ಬರು ಕಾಯುತ್ತಾರೆ. ಹೀಗೆ ಮೈಲಿಯುದ್ದಕ್ಕೂ ಚದುರಿಹೋದವರನ್ನು ಒಂದೇ ಒಂದು ಕಟ್ಟಳೆ ಕಟ್ಟಿಹಾಕಿರುತ್ತದೆ. ದಾರಿ ಕವಲೊಡೆದಲ್ಲಿ ನಿಲ್ಲಬೇಕು, ಹಿಂದಿನವರ ಮುಖ ಕಂಡ ಮೇಲಷ್ಟೇ ಹೊರಡಬೇಕು. ಎಂಥ ಚೆಂದದ ಕಾಯುವಿಕೆ ಅದು! ಎಂಜಿನ್ ಆರಿಸಿದೊಡನೆ ಕಿವಿಯೊಳಗಿನ ಗುಂಯ್‌ಗುಡುವಿಕೆ ಮೆಲ್ಲಗೆ ತಗ್ಗುತ್ತದೆ, ತಗ್ಗಿದಷ್ಟಷ್ಟೇ ಬಯಲು ಹತ್ತಿರ ಬರುತ್ತದೆ. ಮೊದಲು ಜಾಲಿಯ ಮರೆಯಿಂದ ಗೌಜಲ ಹಕ್ಕಿಯ ಕೂಗು, ಆಮೇಲೆ ಎಲ್ಲೋ ಬೋರ್‌ವೆಲ್ಲಿನ ನೀರು ತೊಟ್ಟಿಗೆ ಬೀಳುವ ಸದ್ದು, ಅದಕ್ಕೂ ಆಚೆ ಗಾಳಿಗೆ ತೆಂಗಿನ ಗರಿ ಗರಿಗೆ ಉಜ್ಜುವ ಸದ್ದು. ಇನ್ನೇನು ಎಲ್ಲ ಕೇಳಿಯಾಯಿತು ಎನ್ನುವಾಗ, ಬಿಸಿಯಾದ ಎಂಜಿನ್ನೇ ತಣಿಯುತ್ತ ಟಿಕ್ ಟಿಕ್ ಎನ್ನುವುದು.

ಈ ದಾರಿ ಕೈಗೆ ಒಂದು ಹದವನ್ನು ಕೇಳುತ್ತದೆ. ಬಿಡಿಗಲ್ಲಿನ ಮೇಲೆ ಮುಂಚಕ್ರ ತನ್ನಷ್ಟಕ್ಕೆ ಅತ್ತಿತ್ತ ಸರಿದಾಡುತ್ತಿರುತ್ತದೆ. ಹೆದರಿ ಹ್ಯಾಂಡಲ್ ಬಿಗಿಹಿಡಿದರೆ ಬೈಕು ಜಾರುತ್ತದೆ, ನಿದ್ದೆಹೋದ ಕೂಸನ್ನು ಎತ್ತಿಕೊಂಡಷ್ಟು ಸಡಿಲವಾಗಿ ಹಿಡಿದರೆ ಅದೇ ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮೊಣಕಾಲು ಮಡಿಸಿ, ಮುಂದೆ ದೂರಕ್ಕೆ ಕಣ್ಣಿಟ್ಟರೆ ನೆಲದ ಒಂದೊಂದು ಉಬ್ಬೂ ತಗ್ಗೂ ಅಂಗಾಲಿನಿಂದ ಏರಿ ಬೆನ್ನುಹುರಿಯನ್ನು ದಾಟಿ ಹೋಗುತ್ತದೆ. ನೋಡಲು ಹೊರಟವನಿಂದ ನೆಲ ತನ್ನನ್ನು ಮುಟ್ಟಿಸಿಕೊಳ್ಳುತ್ತದೆ. ನನಗೆ ಈ ದಾರಿಗಳ ಬೆರಗು ಶುರುವಾದದ್ದು ಕಣ್ಣಿನಿಂದಲ್ಲ, ಈ ಸಡಿಲ ಬಿಟ್ಟ ಅಂಗೈಯಿಂದ.

ಏಕೆಂದರೆ ಆ ಅಂಗೈಗೆ ಒಂದು ಅಲೆ ಸಿಗುತ್ತದೆ. ವರ್ಷಗಟ್ಟಲೆ ಟ್ರ್ಯಾಕ್ಟರು, ಲಗೇಜ್ ಆಟೊ, ಬೈಕುಗಳು ಓಡಾಡಿದ ಗರಸಿನ ಮೇಲೆ, ದಾರಿಗೆ ಅಡ್ಡಡ್ಡಲಾಗಿ, ಅಳೆದು ಗೆರೆ ಕೊರೆದರೇನೋ ಅನ್ನುವಷ್ಟು ಸಮವಾಗಿ ಏಣುಗಳೆದ್ದಿರುತ್ತವೆ. ಯಾರೂ ಬೇಕೆಂದು ಮಾಡಿದ್ದಲ್ಲ. 2007ರಲ್ಲಿ ಫ್ರಾನ್ಸ್, ಕೆನಡಾ, ಬ್ರಿಟನ್ನಿನ ಮೂವರು ಭೌತವಿಜ್ಞಾನಿಗಳು ತಿರುಗುವ ದುಂಡು ಮೇಜಿನ ಮೇಲೆ ಮರಳು ಹರಡಿ, ಅದರ ಮೇಲೊಂದು ಪುಟ್ಟ ಚಕ್ರ ಉರುಳಲು ಬಿಟ್ಟು ಇದನ್ನೇ ನೋಡುತ್ತ ಕೂತರು. ವೇಗ ಒಂದು ಮಿತಿಯೊಳಗಿದ್ದಾಗ ಮರಳು ಸಪಾಟಾಗಿಯೇ ಉಳಿಯಿತು. ಮಿತಿ ದಾಟಿದೊಡನೆ ತಾನೇ ತಾನಾಗಿ ಅಲೆಯೆದ್ದಿತು. ಚಕ್ರಕ್ಕೆ ಸ್ಪ್ರಿಂಗು ಇರಲಿ ಬಿಡಲಿ, ಚಕ್ರದ ಬದಲು ಬರಿಯ ಒಂದು ಹಲಗೆಯನ್ನೇ ಎಳೆಯಲಿ, ಅಲೆ ಏಳುವುದು ತಪ್ಪಲಿಲ್ಲ. ಸಡಿಲವಾಗಿ ಬಿದ್ದಿರುವ ಕಣಗಳ ಮೇಲೆ ಯಾವುದೋ ಒಂದು ಅವಸರದಿಂದ ಹಾದುಹೋದರೆ ನೆಲ ಅದನ್ನು ಅಲೆಯಾಗಿ ಬರೆದಿಟ್ಟುಕೊಳ್ಳುತ್ತದೆ.

ಬರೆದಿಟ್ಟುಕೊಳ್ಳುವ ಈ ಚಾಳಿ ನೆಲಕ್ಕೆ ಹೊಸದಲ್ಲ ಎಂಬುದು ಹೊಳೆದಾಗಲೇ ನನ್ನ ಮೈ ಜುಮ್ಮೆಂದದ್ದು. ಹಿಂದೆ ನೀಲಿಯಾಗಿ ಮಲಗಿದೆಯಲ್ಲ ಆ ಬಾಬಾಬುಡನ್ ಸಾಲು, ಅಲ್ಲಿನ ಬೆಣಚುಶಿಲೆಗಳ ಪದರಗಳಲ್ಲಿ ಅಲೆಗುರುತುಗಳಿವೆ. ಆಳವಿಲ್ಲದ ನೀರು ಮರಳಿನ ಮೇಲೆ ಆಡಿ ಹೋದ ಗುರುತುಗಳು. ಮರಳು ಗಟ್ಟಿಯಾಗಿ, ಹೂತು, ಬೆಂದು, ಶಿಲೆಯಾಗಿ, ಬೆಟ್ಟವಾಗಿ ಮೇಲೆದ್ದರೂ ಅಳಿಸದೆ ಉಳಿದವು. ಅವುಗಳ ವಯಸ್ಸು 270 ಕೋಟಿ ವರ್ಷಕ್ಕೂ ಹೆಚ್ಚು. ಆ ನೀರನ್ನು ಕಂಡ ಕಣ್ಣಿಲ್ಲ, ಅದರ ದಡದಲ್ಲೊಂದು ಹುಲ್ಲೆಸಳಿರಲಿಲ್ಲ, ಅದರಲ್ಲಿ ಮೀನಿರಲಿಲ್ಲ. ಆದರೂ ಒಂದು ಮಧ್ಯಾಹ್ನವೋ ಇರುಳೋ ಗಾಳಿ ಬೀಸಿತ್ತು, ನೀರು ಕದಲಿತ್ತು, ಮರಳು ಆ ಕದಲಿಕೆಯನ್ನು ಹಿಡಿದಿಟ್ಟುಕೊಂಡಿತು. ನಮ್ಮ ಕಾಲಡಿಯ ಬಯಲಿನ ತಳಬಂಡೆಯಂತೂ ಇನ್ನೂ ಹಳೆಯದು, ಸುಮಾರು 300 ಕೋಟಿ ವರ್ಷದ್ದು. ದಾರಿಗೆ ಚೆಲ್ಲಿದ ಗರಸು ಅದೇ ಬಂಡೆ ಸವೆದು ಉದುರಿದ ಪುಡಿ. ನಡುವೆ ಮಿನುಗುವ ಬಿಳಿಯ ಬೆಣಚುಕಲ್ಲು ಅದೇ ಬಂಡೆಯ ನರ. ಕವಲಿನಲ್ಲಿ ಕಾಯುತ್ತ ಕೂತಾಗ ಒಂದು ಚೂರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರೆ ಒಂದು ಮಗ್ಗುಲು ಬಿಸಿಲಿಗೆ ಬೆಚ್ಚಗಾಗಿರುತ್ತದೆ, ನೆಲಕ್ಕಂಟಿದ್ದ ಇನ್ನೊಂದು ಮಗ್ಗುಲಿನಲ್ಲಿ ಇರುಳಿನ ತಣ್ಣನೆ ಇನ್ನೂ ಉಳಿದಿರುತ್ತದೆ. ದೇವರ ಗುಡಿಗೆ ಹೋದಾಗ ಮಾಡುವಂತೆ ಚಪ್ಪಲಿ ಕಳಚಬೇಕು ಅನ್ನಿಸುವುದು ನನಗೆ ಇಂಥ ಹೊತ್ತಿನಲ್ಲಿ. ರೈಡಿಂಗ್ ಬೂಟು ಬಿಚ್ಚಿ, ಬರಿಗಾಲನ್ನು ಆ ಗರಸಿನ ಮೇಲೆ ಊರಿ ನಿಂತದ್ದೂ ಉಂಟು.

ದಾರಿ ಹೊಲಗಳನ್ನು ಬಿಟ್ಟು ಕಾವಲಿನ ಅಂಚಿಗೆ ಬಂದಾಗ ಆಕಾಶ ಒಮ್ಮೆಗೇ ದೊಡ್ಡದಾಗುತ್ತದೆ. ಕಡೂರು, ಅಜ್ಜಂಪುರ ಸೀಮೆಯ ಈ ಹುಲ್ಲುಗಾವಲುಗಳು ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬೂದುಬಣ್ಣದ, ಉದ್ದ ಚೂಪು ಕೊಂಬಿನ ಆ ಎತ್ತುಗಳು ಫಿರಂಗಿಗಳನ್ನು ಎಳೆದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಋತು ಹೊರಳಿದಾಗಲೆಲ್ಲ ಮಂದೆಗಳು ಕಾವಲಿನಿಂದ ಕಾವಲಿಗೆ ನಡೆಯುತ್ತಿದ್ದವು. 1929ರಿಂದ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಆ ರಕ್ತವನ್ನು ಕಾಪಾಡಿಕೊಂಡು ಬಂದಿದೆ. ಕಾವಲಿನ ಅಂಚಿನ ಮಣ್ಣುದಾರಿಯಲ್ಲಿ ನಾವು ಒಬ್ಬರ ಹಿಂದೊಬ್ಬರು ಧೂಳೆಬ್ಬಿಸುತ್ತ ಹೋಗುವಾಗ, ನಮಗಿಂತ ಮೊದಲು ಈ ಬಯಲಲ್ಲಿ ಎದ್ದಿದ್ದ ಧೂಳು ಎಂಥದ್ದಿರಬಹುದು ಎಂದು ಮನಸ್ಸು ಎಲ್ಲೆಲ್ಲೋ ಹೋಗುತ್ತದೆ: ಸಂಜೆಯ ಓರೆ ಬಿಸಿಲಿನಲ್ಲಿ ಬಂಗಾರವಾಗುವ ಧೂಳು, ಅದರೊಳಗಿನಿಂದ ಕೊಂಬುಗಳು, ಮತ್ತೆ ಕೊಂಬುಗಳು, ಗಂಟೆಯ ದನಿ.

ಬಾಸೂರಿನ ಕಾವಲು ಈಗ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. 2011ರಲ್ಲಿ ಘೋಷಣೆಯಾದ ಅದರ ವಿಸ್ತಾರ ಏಳೂವರೆ ಚದರ ಕಿಲೋಮೀಟರೂ ಇಲ್ಲ. ಅಷ್ಟು ಸಣ್ಣ ಬಯಲು ಎಷ್ಟೊಂದನ್ನು ಒಡಲಲ್ಲಿಟ್ಟುಕೊಂಡಿದೆ! ಅಲ್ಲಿ ತೋಳಗಳಿವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಸೆಳೆವಗಳು ಹಾರಿಬಂದು ಇಂಥ ಕಾವಲುಗಳ ಹುಲ್ಲಿನ ಮೇಲೆ ರೆಕ್ಕೆ ಹರವಿ ತೇಲುತ್ತವೆ. ನಾವು ಹೊರಗಿನ ದಾರಿಯಲ್ಲೇ, ದೂರದಲ್ಲೇ ಬೈಕು ನಿಲ್ಲಿಸುತ್ತೇವೆ. ಹುಲ್ಲಿನೊಳಗೆ ಚಕ್ರ ಇಳಿಸುವವರಿಗೆ ನಮ್ಮ ಗುಂಪಿನಲ್ಲಿ ಜಾಗವಿಲ್ಲ, ಏಕೆಂದರೆ ನೆಲದ ಮೇಲೇ ಮೊಟ್ಟೆಯಿಡುವ ನೆಲಗುಬ್ಬಿಯ ಗೂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ನಿಂತಿದ್ದಾಗಲೇ ಒಂದು ಸಲ, ಒಣಹುಲ್ಲು ಎಂದುಕೊಂಡದ್ದರ ನಡುವಿನಿಂದ ತಿರುಚು ಕೊಂಬಿನ ಒಂದು ಗಂಡು ತಲೆಯೆತ್ತಿತು. ಅದರ ಕಪ್ಪು ಎಂಥ ಕಪ್ಪು, ಹೊಟ್ಟೆಯಡಿಯ ಬಿಳುಪು ಎಂಥ ಬಿಳುಪು! ಕಣ್ಣಿನ ಸುತ್ತ ಬಿಳಿಯ ಬಳೆ. ಅದು ನಮ್ಮನ್ನು ನೋಡಿತು, ನಾವೂ ನೋಡಿದೆವು, ನಡುವೆ ಗಾಳಿ ಹುಲ್ಲನ್ನು ಬಾಗಿಸಿ ಎತ್ತುತ್ತಿತ್ತು. ಆಮೇಲೆ ಓಡುವ ಅಗತ್ಯವೇನೂ ಇಲ್ಲದಿದ್ದರೂ ನಿಂತಲ್ಲಿಂದಲೇ ಅದೊಂದು ಜಿಗಿತ ಜಿಗಿಯಿತು. ಯೆಜ್ಡಿಯ ಹಿರಿಯರು ಹೆಲ್ಮೆಟ್ ತೆಗೆದು ಎದೆಗೆ ಒತ್ತಿ ಹಿಡಿದು ನಿಂತೇ ಇದ್ದರು.

ಮುಂದೆ ಒಂದು ಊರಿನ ಬಾಯಲ್ಲಿ ದಾರಿಗಡ್ಡ ರಾಗಿ ತೆನೆ ಹರವಿದ್ದರು. ಕಣ ಮಾಡುವವರು ಕಡಿಮೆಯಾದಂತೆ ದಾರಿಯೇ ಕಣ. ತೆನೆಯ ಮೇಲೆ ಬೈಕು ಹಾಯಿಸುವುದೋ ಬೇಡವೋ ಎಂದು ನಿಂತಿದ್ದಾಗ ಅಜ್ಜಿಯೊಬ್ಬರು ಮೊರ ಕೆಳಗಿಟ್ಟು ಬಂದರು.

“ಹತ್ಸ್ಕಂಡು ಹೋಗ್ರಪ್ಪ, ಒಕ್ಕಣೆ ಆದಂಗೂ ಆಯ್ತದೆ. ಎಲ್ಲಿಗ್ ಹೊಂಟ್ರಿ ಇಷ್ಟೊಂದ್ ಜನ?”

“ಎಲ್ಲಿಗೂ ಇಲ್ಲ ಕಣಜ್ಜಿ, ಸುಮ್ನೆ ಈ ಕಡೆ ತಿರ್ಗಾಡಕ್ಕೆ.”

“ಸುಮ್ನೇನಾ? ಏನಾರ ಕಳ್ಕಂಡಿದೀರೇನೋ ಅನ್ಕಂಡೆ. ಈ ದಾರೀಲಿ ದನ ತಪ್ಪುಸ್ಕಂಡೋರ್ ಬರ್ತಾರೆ.”

ಆ ಮಾತು ನನ್ನ ಹಿಂದೆಯೇ ಬಂತು. ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತದಲ್ಲಿ ಧರ್ಮರಾಯನ ಯಜ್ಞದ ಕುದುರೆ ತನಗೆ ತೋಚಿದ ಕಡೆಗೆ ನಡೆಯುತ್ತದೆ. ಅದನ್ನು ಕಾಯುವ ವೀರರು ಅದು ಹೋದಲ್ಲಿಗೆ ಹೋಗುತ್ತಾರೆ. ದಾರಿಯನ್ನು ಆರಿಸುವವರು ಅವರಲ್ಲ. ಸುಧನ್ವನ ನಾಡು, ಬಭ್ರುವಾಹನನ ನಾಡು, ಚಂದ್ರಹಾಸನ ನಾಡು, ಒಂದಾದ ಮೇಲೊಂದು, ಕುದುರೆಯ ಗೊರಸು ಬಿದ್ದಲ್ಲೆಲ್ಲ ತೆರೆದುಕೊಳ್ಳುತ್ತವೆ. ಇಂಥ ಕತೆಯನ್ನು ಇಷ್ಟು ಇಂಪಾಗಿ ಹೇಳಿದವನು ಈ ಸೀಮೆಯ ಮಣ್ಣುದಾರಿಗಳಲ್ಲಿ ನಡೆದಾಡಿದ್ದನಲ್ಲ ಎಂದುಕೊಂಡರೆ, ಕವಲಿನಲ್ಲಿ ಯಾವ ಕಡೆಗೆ ಎಂದು ತಿಳಿಯದೆ ನಿಲ್ಲುವುದೂ ಒಂದು ಪುಣ್ಯವೆನಿಸುತ್ತದೆ.

ಬಿಸಿಲೇರುವ ಹೊತ್ತಿಗೆ ಕೆರೆಯ ಏರಿ ಸಿಕ್ಕರೆ ಅಲ್ಲೇ ಬುತ್ತಿ ಬಿಚ್ಚುವುದು. ಈ ಸೀಮೆಯ ನೀರು ನಡೆದ ದಾರಿಯೂ ಬೆಟ್ಟದಿಂದ ಬಯಲಿಗೇ. ಗಿರಿಯಿಂದ ಇಳಿದ ವೇದಾ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸುತ್ತಾಳೆ, ಅವತಿ ಮದಗದ ಕೆರೆಯನ್ನು. ಎರಡೂ ಕೂಡಿ ಕಡೂರಿನ ಬಳಿ ವೇದಾವತಿಯಾಗಿ ಮೂಡಣಕ್ಕೆ ಹೊರಳಿ, ಒಣ ನಾಡನ್ನು ಹಾದು, 1907ರಲ್ಲಿ ಪೂರ್ತಿಯಾದ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟನ್ನು ಸೇರುತ್ತವೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎರಡರ ನಡುವೆ ಒಂದು ಇಡೀ ತಲೆಮಾರು ಕೋಡಿಯ ಸದ್ದನ್ನೇ ಕೇಳದೆ ಬಾಳಿತು. ಈಗ ಅಜ್ಜಂಪುರದ ಬಳಿ ನೆಲದೊಳಗೆ ಏಳು ಕಿಲೋಮೀಟರಿಗೆ ಹತ್ತಿರದ ಸುರಂಗ ಕೊರೆದು ಭದ್ರೆಯ ನೀರನ್ನೂ ಈ ಕಡೆಗೆ ಹರಿಸಿದ್ದಾರೆ. ಆ ಹಳೆಯ ಬಂಡೆಯೊಳಗೆ, ಕತ್ತಲಲ್ಲಿ, ಈ ಹೊತ್ತೂ ನೀರು ನಡೆಯುತ್ತಿರಬಹುದೆಂದು ನೆನೆದರೆ ಬುತ್ತಿಯ ತುತ್ತು ಕೈಯಲ್ಲೇ ನಿಲ್ಲುತ್ತದೆ.

ಈ ದಾರಿಗಳಿಗೂ ಒಂದೊಂದಾಗಿ ಡಾಂಬರು ಬರುತ್ತಿದೆ. ಬರಲಿ. ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳು ಆಂಬುಲೆನ್ಸಿನಲ್ಲಿ ಈ ಏಣುಗಳ ಮೇಲೆ ಕುಲುಕಾಡುತ್ತ ಹೋಗುವುದನ್ನು ನೆನೆದರೆ, ನನ್ನ ಅಂಗೈಯ ಬೆರಗಿಗಾಗಿ ಗರಸು ಹೀಗೇ ಇರಲಿ ಎನ್ನಲು ಬಾಯಿ ಬರುವುದಿಲ್ಲ. ಡಾಂಬರಿನಡಿಗೂ ಹಾಕುವುದು ಇದೇ ನೆಲದ ಜಲ್ಲಿಯನ್ನೇ. ಕಾವಲುಗಳ ಮಾತು ಮಾತ್ರ ಬೇರೆ. ಅವುಗಳನ್ನು ಒತ್ತಿದರೆ, ಉತ್ತರೆ, ಬೇಲಿ ಹಾಕಿದರೆ, ಆ ಹುಲ್ಲೂ ಆ ಜಿಗಿತವೂ ಎಲ್ಲಿಂದಲೂ ಮರಳಿ ಬರುವುದಿಲ್ಲ. ಅವನ್ನು ಇದ್ದ ಹಾಗೆ ಬಿಡಬೇಕೆಂದು ನಾನು ಯಾರ ಮುಂದಾದರೂ ಕೈಮುಗಿದು ಕೇಳಬಲ್ಲೆ.

ಸಿಂಗಟಗೆರೆಯ ಹೋಟೆಲಿನ ಬೆಂಚಿನ ಮೇಲೆ ಟೀ ಕುಡಿಯುತ್ತ ಎಲ್ಲರೂ ಜೊತೆಯಾದಾಗ ಹುಬ್ಬು, ರೆಪ್ಪೆ, ಮೀಸೆಗಳೆಲ್ಲ ಕೆಂಪು ಧೂಳು. ಮುಂದಿನ ಸಲ ವೇದಾವತಿಯ ಜಾಡು ಹಿಡಿದು, ಸಾಧ್ಯವಾದಷ್ಟೂ ಮಣ್ಣುದಾರಿಯಲ್ಲೇ, ಹಿರಿಯೂರಿನವರೆಗೆ ಹೋಗೋಣವೆಂದು ತರೀಕೆರೆಯವರು ಮಾತು ತೆಗೆದರು. ಮಳೆಗಾಲ ಮುಗಿದ ಕೂಡಲೇ ಹೊರಡಬೇಕು, ಹೊಳೆಯಲ್ಲಿ ನೀರಿರುವಾಗಲೇ, ಎಂದರು ಯೆಜ್ಡಿಯ ಹಿರಿಯರು. ನಾನು ಆಗಲೇ ಹೂಂ ಎಂದಿದ್ದೆ.