ಒಂದು ಲೋಟ ಚಹಾ, ಎರಡು ಪದ್ಧತಿ

ಮನೆ ಭೇಟಿಗೆಂದು ಹೋದ ಗುರುವಿಗೆ 'ಕೂತ್ಕೊಳ್ಳಿ ಸ್ವಾಮಿ' ಎಂಬ ಮಾತಿನ ಬೆನ್ನಿಗೇ ಕೇಳಿಬರುವುದು ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು. ಬೇಡವೆಂದರೂ ಯಾರೂ ಕೇಳುವುದಿಲ್ಲ. ಕಳೆದ ತಿಂಗಳು ಅಂಥದೇ ಒಂದು ಭೇಟಿಯಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಚಹಾದ ಲೋಟವನ್ನು ನನ್ನ ಮುಂದಿಟ್ಟು, ಎದುರಿಗೆ ಕುಳಿತು ಕಣ್ಣೊರೆಸಿಕೊಂಡರು. ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ, ಆ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಸೊಸೆ ಅಲ್ಲಿ ನರ್ಸ್. ಆರು ತಿಂಗಳಿಗೆಂದು ಹೋದ ತಾಯಿ ಮೂರನೆಯ ತಿಂಗಳಿಗೇ ಹಿಂದಿರುಗಿ ಬಂದರು. ಕಾರಣ ಕೇಳಿದರೆ ಅವರು ಹೇಳಿದ್ದು ಚಹಾದ ವಿಷಯ. 'ಕರೆಂಟ್ ಕೆಟಲಿನಲ್ಲಿ ನೀರು ಕಾಯಿಸಿ, ಲೋಟದೊಳಗೆ ಒಂದು ಟೀ ಪೊಟ್ಟಣ ಇಳಿಬಿಟ್ಟು, ಫ್ರಿಜ್ಜಿನಿಂದ ತೆಗೆದ ಹಾಲು ಹಾಗೇ ಸುರಿದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು ಸ್ವಾಮಿ. ಕಾಯಿಸದ ಹಾಲು! ಬಾಗಿಲಿಗೆ ಬಂದ ಭಿಕ್ಷುಕನಿಗೂ ನಾನು ಹಾಗೆ ಕೊಟ್ಟವಳಲ್ಲ.' ಮಗನ ಹತ್ತಿರ ಹೇಳಿಕೊಂಡಾಗ ಅವನು, 'ಅಮ್ಮಾ, ಟೀ ತಾನೆ? ಅದಕ್ಕೆ ಇಷ್ಟೊಂದಾ?' ಎಂದನಂತೆ. ಹಾಲಿಗಿಂತ ಆ ಮಾತೇ ಅವರಿಗೆ ಹೆಚ್ಚು ನೋವು ತಂದಿತ್ತು. ಈಗ ಸೊಸೆ ಫೋನ್ ಮಾಡಿದರೆ ಅವರು ಬರುವುದಿಲ್ಲ.

ನಗಬೇಡಿ. ಕುಟುಂಬಗಳು ಒಡೆಯುವುದು ಆಸ್ತಿಪಾಸ್ತಿಯ ಕಾರಣಕ್ಕೆ ಮಾತ್ರವಲ್ಲ. ಇಂಥ ಸಣ್ಣ ವಿಷಯಗಳ ಸುತ್ತ ಬೆಳೆದ ಮೌನವೂ ಒಂದು ದಿನ ಗೋಡೆಯಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳೋಣ. ನೀರು ಕಾಯಿಸುವ ರೀತಿ ಸರಿ-ತಪ್ಪಿನ ವಿಷಯವೇ, ಕೇವಲ ರೂಢಿಯ ವಿಷಯವೇ? ಕೇವಲ ರೂಢಿಯಾದರೆ, ಅದು ತಪ್ಪಿದಾಗ ಅನ್ಯಾಯವಾದಂತೆ ಮನಸ್ಸೇಕೆ ನೋಯುತ್ತದೆ?

ಉತ್ತರಕ್ಕೆ ಮುಂಚೆ ಲೋಕದ ಅಡುಗೆಮನೆಗಳನ್ನು ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಇಂಗ್ಲೆಂಡಿನ ಮನೆಗಳಲ್ಲಿ ವಿದ್ಯುತ್ತು 230 ವೋಲ್ಟ್. ಅಲ್ಲಿನ ಕೆಟಲುಗಳು 3 ಕಿಲೋವ್ಯಾಟ್‌ವರೆಗೂ ಶಕ್ತಿ ಎಳೆಯುತ್ತವೆ. ಒಂದು ಲೀಟರ್ ನೀರು ಸುಮಾರು ಎರಡು ನಿಮಿಷದಲ್ಲಿ ಕುದಿಯುತ್ತದೆ. ಅಮೆರಿಕದಲ್ಲಿ 120 ವೋಲ್ಟ್. ಅಲ್ಲಿನ ಕೆಟಲುಗಳ ಶಕ್ತಿ ಸಾಮಾನ್ಯವಾಗಿ 1500 ವ್ಯಾಟ್ ಆದ್ದರಿಂದ ಅದೇ ನೀರಿಗೆ ಎರಡರಷ್ಟು ಹೊತ್ತು ಬೇಕು. ಹಾಗಾಗಿ ಅಲ್ಲಿ ಹಲವರು ಸ್ಟವ್ ಮೇಲೆಯೋ ಮೈಕ್ರೋವೇವ್ ಒಲೆಯಲ್ಲಿಯೋ ನೀರು ಕಾಯಿಸಿಕೊಳ್ಳುತ್ತಾರೆ. ಆಂಗ್ಲರಿಗೆ ಕೆಟಲೆಂದರೆ ನಮ್ಮ ಒಲೆಯಿದ್ದಂತೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತಿತು. ಪಂದ್ಯ ಮುಗಿದೊಡನೆ ಜನ ಎದ್ದು ಹೋಗಿ ಕೆಟಲಿನ ಗುಂಡಿ ಒತ್ತಿದ್ದರಿಂದ ಆ ದೇಶದ ವಿದ್ಯುತ್ ಬೇಡಿಕೆ ಒಮ್ಮೆಲೇ 2800 ಮೆಗಾವ್ಯಾಟ್ ಏರಿತು. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಒಟ್ಟು ಸಾಮರ್ಥ್ಯವೇ 1720 ಮೆಗಾವ್ಯಾಟ್! ದುಃಖವಾದಾಗ ನೀರು ಕಾಯಿಸುವುದು ಅವರ ಪದ್ಧತಿ.

ರಷ್ಯದವರ ಸಮೋವರ್ ಎಂಬ ಹಿತ್ತಾಳೆ ಪಾತ್ರೆಯ ನಡುವೆ ಒಂದು ಕೊಳವೆಯಿದೆ. ಅದರಲ್ಲಿ ಇದ್ದಿಲು ಉರಿಯುತ್ತದೆ, ಸುತ್ತಲಿನ ನೀರು ಕಾಯುತ್ತದೆ. ಮೇಲಿರುವ ಪುಟ್ಟ ಕುಡಿಕೆಯ ಗಟ್ಟಿ ಕಷಾಯಕ್ಕೆ ಬೇಕಾದಷ್ಟು ಬಿಸಿನೀರು ಬೆರೆಸಿಕೊಳ್ಳುತ್ತಾರೆ. ನಮ್ಮ ಕಾಫಿಯ ಡಿಕಾಕ್ಷನ್ ಇದ್ದ ಹಾಗೆ. ಚೀನಾದ ಎಷ್ಟೋ ಮನೆಗಳಲ್ಲಿ ಸೊಪ್ಪು, ಪುಡಿ ಏನೂ ಇಲ್ಲದ ಬರಿಯ ಬಿಸಿನೀರೇ ಪಾನೀಯ. ಅದನ್ನು ಕುದಿಸಿ ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿಟ್ಟಿರುತ್ತಾರೆ. ಅಷ್ಟು ದೂರ ಏಕೆ? ನಮ್ಮ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಸಾಂಪ್ರದಾಯಿಕ ಚಹಾ ನೋಡಿ. ಸೊಪ್ಪನ್ನು ಬಹಳ ಹೊತ್ತು ಕುದಿಸಿ, ಬೆಣ್ಣೆ-ಉಪ್ಪು ಹಾಕಿ ಕಡೆದು ಕೊಡುತ್ತಾರೆ. ಸಕ್ಕರೆಯನ್ನು ನಿರೀಕ್ಷಿಸಿ ಬಾಯಿಗಿಟ್ಟವನ ಮುಖ ನೋಡಬೇಕು!

ಇಷ್ಟೇ ಅಲ್ಲ, 'ಕುದಿಯುವುದು' ಕೂಡ ಎಲ್ಲೆಡೆ ಒಂದೇ ಅಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಟಿಬೆಟಿನ ಲಾಸಾ ನಗರದಲ್ಲಿ 88ರ ಆಸುಪಾಸು. ಲಾಸಾದವನು ಬಹಳ ಹೊತ್ತು ಕುದಿಸುವುದು ಅವನ ಮೊಂಡುತನವೆನ್ನಲಾದೀತೆ?

ನಮ್ಮ ತಾಯಿಯ ದೂರಿಗೂ ಹೀಗೆಯೇ ಕಾರಣವಿದೆ. ಕರೆದು ತಂದ ಹಾಲನ್ನು ಕಾಯಿಸದೆ ಕುಡಿದರೆ ಕ್ಷಯದಂಥ ರೋಗಗಳು ತಗಲಬಹುದು. ಫ್ರಿಜ್ಜಿಲ್ಲದ ಮನೆಯಲ್ಲಿ ಕಾಯಿಸದ ಹಾಲು ಮಧ್ಯಾಹ್ನಕ್ಕೇ ಒಡೆಯುತ್ತದೆ. ಹಾಲು ಕಾಯಿಸುವುದು ನಮ್ಮ ಹಿರಿಯರಿಗೆ ಮಕ್ಕಳ ಪ್ರಾಣದ ಪ್ರಶ್ನೆಯಾಗಿತ್ತು. ಆದರೆ ಸೊಸೆಯ ಫ್ರಿಜ್ಜಿನಲ್ಲಿದ್ದದ್ದು ಹಸಿ ಹಾಲಲ್ಲ. ಅಲ್ಲಿನ ಡೈರಿಗಳು ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ತಣಿಸಿ ಕಳುಹಿಸುತ್ತವೆ. ನಮ್ಮ ಪ್ಯಾಕೆಟ್ ಹಾಲೂ ಪಾಶ್ಚರೀಕರಣಗೊಂಡೇ ಬರುತ್ತದೆ, ಆದರೂ ನಾವು ಮತ್ತೊಮ್ಮೆ ಕಾಯಿಸುತ್ತೇವೆ. ಕಾರಣ ಹೋದ ಮೇಲೂ ರೂಢಿ ಉಳಿಯುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನೀರು, ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಟ್ಟಿಗೆ ಕುದಿಸುವ ನಮ್ಮ ಚಹಾ ಬಹಳ ಪುರಾತನವಾದದ್ದೇನೂ ಅಲ್ಲ. 1930ರ ದಶಕದಲ್ಲಿ ಚಹಾ ಉದ್ಯಮದ ಪ್ರಚಾರಕರು ಭಾರತದ ಪೇಟೆ-ಪಟ್ಟಣಗಳಲ್ಲಿ ತಿರುಗಿ ಜನರಿಗೆ ಚಹಾದ ರುಚಿ ಹತ್ತಿಸಿದರು. ಅವರು ಕಲಿಸಿದ ಕ್ರಮ ಯಾವುದು? ನೀರನ್ನು ಕುದಿಸಿ ಸೊಪ್ಪಿನ ಮೇಲೆ ಸುರಿಯಿರಿ, ಕೆಲವು ನಿಮಿಷ ಬಿಡಿ, ಕೊನೆಗೆ ಸ್ವಲ್ಪ ಹಾಲು ಬೆರೆಸಿ ಎಂಬುದೇ. ಅಂದರೆ ಹೆಚ್ಚುಕಡಿಮೆ ಆ ಸೊಸೆಯ ಕ್ರಮವೇ! ನಮ್ಮ ಜನ ಅದನ್ನು ತಮ್ಮ ಒಲೆಗೆ, ತಮ್ಮ ಹಾಲಿಗೆ, ತಮ್ಮ ನಾಲಿಗೆಗೆ ತಕ್ಕಂತೆ ಬದಲಿಸಿಕೊಂಡರು. ತಲತಲಾಂತರದ ಆಚಾರವೆಂದು ನಾವು ಎದೆಗೊತ್ತಿಕೊಂಡದ್ದು ಎಷ್ಟೋ ಸಲ ಅಜ್ಜನ ಕಾಲದ್ದಷ್ಟೇ ಆಗಿರುತ್ತದೆ.

ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ವಿಂಗಡಣೆಯನ್ನು ಕಲಿತಿದ್ದೆವು. ಕೆಲವು ನಿಯಮಗಳು ಮೂಲಧರ್ಮದಿಂದ ನೇರವಾಗಿ ಹೊರಡುತ್ತವೆ: ಯಾರಿಗೂ ಕೇಡು ಮಾಡಬಾರದು ಎಂಬುದರಿಂದ ಕೊಲ್ಲಬಾರದು ಎಂಬುದು ಬಂದಂತೆ. ಇನ್ನು ಕೆಲವು ಆ ಮೂಲಧರ್ಮಕ್ಕೆ ಮನುಷ್ಯರು ಕೊಟ್ಟ ಆಕಾರಗಳು. ಮನೆಗೆ ಒಂದು ರೂಪ ಬೇಕೇ ಬೇಕು, ಆದರೆ ಇಂಥದೇ ರೂಪವೆಂಬುದನ್ನು ಕಟ್ಟುವವನು ನಿರ್ಧರಿಸುತ್ತಾನೆ. ಈ ಬೆಳಕಿನಲ್ಲಿ ನೋಡಿ. ಹಿರಿಯರನ್ನು ಆದರಿಸಬೇಕು, ಬಂದವರಿಗೆ ಶುಚಿಯಾದದ್ದನ್ನು ಕೊಡಬೇಕು ಎಂಬುದು ಧರ್ಮ. ಕೆಟಲೋ ಪಾತ್ರೆಯೋ, ಹಾಲು ಮೊದಲೋ ಕಡೆಗೋ ಎಂಬುದು ಆಕಾರ. ಆಕಾರವನ್ನೇ ಧರ್ಮವೆಂದು ತಿಳಿದು, ಅದಿಲ್ಲದವರಲ್ಲಿ ಪ್ರೀತಿಯೇ ಇಲ್ಲವೆಂದು ತೀರ್ಪು ಕೊಟ್ಟದ್ದು ತಾಯಿಯ ತಪ್ಪು.

ಮಗನಿದ್ದ ಪರದೇಶಕ್ಕೆ ಹೋಗಿ ಗೊಂದಲಗೊಂಡ ತಾಯಂದಿರಲ್ಲಿ ಇವರೇ ಮೊದಲಿಗರಲ್ಲ. ನಾಲ್ಕನೆಯ ಶತಮಾನದಲ್ಲಿ ಸಂತ ಮೋನಿಕಾ ಆಫ್ರಿಕದಿಂದ ಮಗ ಅಗಸ್ಟೀನನಿದ್ದ ಮಿಲಾನ್ ನಗರಕ್ಕೆ ಹೋದರು. ಅಲ್ಲಿ ಶನಿವಾರ ಉಪವಾಸವಿಲ್ಲವೆಂದು ಕಂಡು, ತಮ್ಮೂರಿನ ರೂಢಿ ಹಿಡಿಯುವುದೋ ಇಲ್ಲಿಯದೋ ಎಂದು ಕಳವಳಪಟ್ಟರು. ಅಗಸ್ಟೀನರು ಧರ್ಮಾಧ್ಯಕ್ಷ ಅಂಬ್ರೋಸರನ್ನು ಕೇಳಿದಾಗ ಬಂದ ಉತ್ತರದ ಸಾರ ಇಷ್ಟು: ನಾನು ರೋಮಿಗೆ ಹೋದಾಗ ಶನಿವಾರ ಉಪವಾಸ ಮಾಡುತ್ತೇನೆ, ಇಲ್ಲಿರುವಾಗ ಮಾಡುವುದಿಲ್ಲ, ಹೋದೆಡೆಯ ರೂಢಿಯನ್ನು ಪಾಲಿಸುವುದೇ ಒಳ್ಳೆಯದು. ಮೋನಿಕಾ ಅದನ್ನು ಸಂತೋಷದಿಂದ ಒಪ್ಪಿಕೊಂಡರು.

ಹಾಗಾದರೆ 'ಟೀ ತಾನೆ?' ಎಂದ ಮಗನೇ ಗೆದ್ದನೇ? ಇಲ್ಲ. ಅವನ ತಪ್ಪು ಇನ್ನೂ ಸೂಕ್ಷ್ಮವಾದದ್ದು. ರೂಢಿ ಮನುಷ್ಯರು ಮಾಡಿಕೊಂಡದ್ದು, ಆದ್ದರಿಂದ ಅದಕ್ಕೆ ಬೆಲೆಯೇ ಇಲ್ಲ ಎಂಬುದು ಅವನ ತರ್ಕ. ಭಾಷೆಯನ್ನೂ ಮನುಷ್ಯರೇ ಮಾಡಿಕೊಂಡರಲ್ಲವೇ? 'ಅಮ್ಮ' ಎಂಬ ಪದಕ್ಕೆ ಬದಲಾಗಿ ಬೇರೊಂದು ಪದವಿರಬಹುದಿತ್ತು. ಹಾಗೆಂದು ಆ ಪದದಿಂದ ಕರೆಯುವುದೂ ಕರೆಯದಿರುವುದೂ ಒಂದೇ ಆಗುವುದಿಲ್ಲ. ಮನೆಯ ರೂಢಿಯೂ ಒಂದು ಭಾಷೆ. ಉಕ್ಕುವ ಹಾಲನ್ನು ಕಾದು ನಿಂತ ತಾಯಿ ತಮ್ಮ ಭಾಷೆಯಲ್ಲಿ 'ನಿನಗಾಗಿ ಹತ್ತು ನಿಮಿಷ ನಿಂತೆ' ಎನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದು, ಮಲಗುವ ಮುಂಚೆ ಅತ್ತೆಯ ಲೋಟ ಮೇಜಿನ ಮೇಲಿಟ್ಟ ಸೊಸೆ ತನ್ನ ಭಾಷೆಯಲ್ಲಿ 'ನಿಮ್ಮನ್ನು ಮರೆಯಲಿಲ್ಲ' ಎನ್ನುತ್ತಾಳೆ. ಇಬ್ಬರೂ ಪ್ರೀತಿಯನ್ನೇ ನುಡಿದರು, ಒಬ್ಬರದು ಇನ್ನೊಬ್ಬರಿಗೆ ತಿಳಿಯಲಿಲ್ಲ. ಎರಡೂ ಭಾಷೆ ಬಲ್ಲವನು ಮಗನೊಬ್ಬನೇ. ತಾಯಿಗೆ ಸೊಸೆಯ ಮಾತನ್ನೂ, ಹೆಂಡತಿಗೆ ತಾಯಿಯ ಮಾತನ್ನೂ ತಿಳಿಸಿ ಹೇಳಬೇಕಾದವನು ಕೈತೊಳೆದುಕೊಂಡ.

ಇನ್ನೊಬ್ಬರ ಭಾಷೆ ಕಲಿಯುವ ಈ ಕೆಲಸವನ್ನು ಗಂಭೀರವಾಗಿ ಕೈಗೊಂಡವರೊಬ್ಬರಿದ್ದರು. ಇಟಲಿಯ ಯೇಸುಸಭೆಯ ಗುರು ಅಲೆಸ್ಸಾಂದ್ರೊ ವಲಿಗ್ನಾನೊ 1579ರಲ್ಲಿ ಜಪಾನಿಗೆ ಬಂದಾಗ, ಅಲ್ಲಿನ ಮಿಷನ್ನಿನ ಮುಖ್ಯಸ್ಥರು ಜಪಾನೀಯರ ರೀತಿನೀತಿಗೆ ಹೊಂದಿಕೊಳ್ಳಲು ಒಪ್ಪುತ್ತಿರಲಿಲ್ಲ. ವಲಿಗ್ನಾನೊ 1581ರಲ್ಲಿ ಬರೆದ ಕೈಪಿಡಿಯಲ್ಲಿ, ಯೇಸುಸಭೆಯ ಪ್ರತಿಯೊಂದು ನಿವಾಸದಲ್ಲೂ ಚಹಾಕ್ಕೆಂದೇ ಶುಚಿಯಾದ ಸ್ಥಳವಿರಬೇಕು, ಆ ಕಲೆ ಬಲ್ಲವನೊಬ್ಬ ಅತಿಥಿಗಳಿಗಾಗಿ ಸದಾ ಇರಬೇಕು ಎಂದು ವಿಧಿಸಿದರು. ಜಪಾನೀಯರು ಈ ಚಹಾ ಸತ್ಕಾರವನ್ನು 'ಚಾನೊಯು' ಎನ್ನುತ್ತಾರೆ. 'ಚಹಾದ ಬಿಸಿನೀರು' ಎಂದೇ ಅದರ ಅರ್ಥ. ತಮ್ಮ ನಾಡಿನ ಪಾನೀಯ ಬಿಟ್ಟು ಅವರ ಬಿಸಿನೀರನ್ನು ಅವರ ರೀತಿಯಲ್ಲೇ ಕಾಯಿಸಿದ್ದರಿಂದ ವಲಿಗ್ನಾನೊ ವಿಶ್ವಾಸದಲ್ಲಿ ಏನನ್ನೂ ಕಳೆದುಕೊಳ್ಳಲಿಲ್ಲ. ಆ ನಾಡಿನ ಹೆಸರಾಂತ ಚಹಾ ಕಲಾವಿದರಲ್ಲೊಬ್ಬರಾದ ತಕಯಾಮ ಉಕೋನ್ ಕ್ರೈಸ್ತರಾಗಿದ್ದರು. ವಿಶ್ವಾಸಕ್ಕಾಗಿ ದೇಶಭ್ರಷ್ಟರಾಗಿ 1615ರಲ್ಲಿ ಮನಿಲಾದಲ್ಲಿ ತೀರಿಕೊಂಡ ಅವರಿಗೆ 2017ರಲ್ಲಿ ಪುನೀತ ಪದವಿ ದೊರೆಯಿತು.

ಆದರೆ ಒಂದು ಎಚ್ಚರಿಕೆ. ಎಲ್ಲವನ್ನೂ 'ಅವರವರ ರೂಢಿ' ಎಂದು ಬಿಟ್ಟುಬಿಡಲಾಗದು. ನೀರು ಸರಿಯಾಗಿ ಕುದಿಯದೆ ಮಗುವಿಗೆ ಭೇದಿಯಾದರೆ ಅದು ರೂಢಿಯ ವಿಷಯವಲ್ಲ. ಬೆಳಗಿನ ಐದಕ್ಕೆದ್ದು ಹಸಿ ಸೌದೆಯ ಹೊಗೆಯಲ್ಲಿ ಊದುಗೊಳವೆ ಊದುವವಳು ಯಾವಾಗಲೂ ಒಬ್ಬಳೇ, ಅದೂ ಸೊಸೆಯೇ ಆಗಿದ್ದರೆ, 'ನಮ್ಮ ಮನೆಯಲ್ಲಿ ಹೀಗೇ' ಎಂಬುದು ಉತ್ತರವಾಗದು. ಒಲೆಯ ಹೊಗೆಯಂಥ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಬಟ್ಟಲು, ತಂಬಿಗೆ, ತಾಮ್ರದ ಪಾತ್ರೆಗಳನ್ನು ತೊಳೆಯುವ ಸಂಪ್ರದಾಯದ ಬಗ್ಗೆ ವಾದ ನಡೆಯುತ್ತದೆ. ಅಲ್ಲಿ ಯೇಸುಸ್ವಾಮಿ ಖಂಡಿಸಿದ್ದು ಪಾತ್ರೆ ತೊಳೆಯುವುದನ್ನಲ್ಲ, ಸಂಪ್ರದಾಯದ ನೆಪದಲ್ಲಿ ತಂದೆತಾಯಿಯರ ಹೊಣೆಯಿಂದ ನುಣುಚಿಕೊಳ್ಳುವುದನ್ನು. ನಮಗೂ ಇದೇ ಅಳತೆಗೋಲು. ಒಂದು ರೂಢಿ ಯಾರ ಮೇಲೆ ಭಾರ ಹೊರಿಸುತ್ತದೆ? ಆ ಭಾರವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆಯೇ? ಹಂಚಿಕೊಂಡರೆ ಅದು ಮನೆಯ ಸೊಬಗು. ಒಬ್ಬರ ಬೆನ್ನ ಮೇಲಷ್ಟೇ ಬಿದ್ದರೆ ಅದು ಅನ್ಯಾಯ, ಎಷ್ಟೇ ಹಳೆಯದಾಗಿರಲಿ.

ಇದನ್ನೆಲ್ಲ ಆ ತಾಯಿಗೆ ಇಷ್ಟು ಉದ್ದವಾಗಿ ಹೇಳಲಿಲ್ಲ. ಡೈರಿಯ ಹಾಲಿನ ವಿಷಯ, ರಾತ್ರಿ ಪಾಳಿಯ ವಿಷಯ ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಆ ಹಾಲು ಮೊದಲೇ ಕಾಯಿಸಿದ್ದಾ ಸ್ವಾಮಿ?' ಎಂದು ಕೇಳಿದರು. ಹೌದೆಂದೆ. 'ಅವಳಾದರೂ ಹೇಳಬಾರದಿತ್ತೇ?' ಎಂದರು. ನೀವು ಕೇಳಿದಿರಾ ಎಂದೆ. ಅದಕ್ಕೆ ಉತ್ತರ ಬರಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಇಂಥ ಲೋಟವೊಂದು ಇರಬಹುದು. ಚಹಾವೇ ಆಗಬೇಕೆಂದಿಲ್ಲ, ಸಾರಿನ ಖಾರವಿರಬಹುದು, ಊಟದ ಹೊತ್ತಿರಬಹುದು, ಹಬ್ಬದ ಉಡುಗೆಯಿರಬಹುದು. 'ಹೀಗೇಕೆ ಮಾಡಿದೆ?' ಎಂದು ಆಕ್ಷೇಪಿಸುವ ಮುಂಚೆ, 'ನಿಮ್ಮ ಮನೆಯಲ್ಲಿ ಹೀಗೆ ಮಾಡುವುದು ಏಕೆ?' ಎಂದು ಕೇಳಿ ನೋಡಿ. ಮಾತು ಹೆಚ್ಚುಕಡಿಮೆ ಒಂದೇ, ಕೇಳುವ ಮನಸ್ಸು ಬೇರೆ. ಹಾಗೆಯೇ ಈ ವಾರ ಒಂದು ದಿನವಾದರೂ, ನಿಮ್ಮ ಮನೆಯಲ್ಲಿ ದಿನವೂ ನೀರು ಕಾಯಿಸುವವರನ್ನು ಕೂರಿಸಿ, ಅವರ ರೀತಿಯಲ್ಲಿಯೇ ನೀವು ಮಾಡಿಕೊಡಿ.

ನಾನು ಹೊರಡಲು ಎದ್ದಾಗ ಆ ತಾಯಿ ಬಾಗಿಲವರೆಗೆ ಬಂದರು. ಗೋಡೆಯ ಗಡಿಯಾರ ನೋಡಿ, 'ಅಲ್ಲಿ ಈಗ ಎಷ್ಟು ಗಂಟೆಯಾಗಿರುತ್ತೆ ಸ್ವಾಮಿ?' ಎಂದು ಕೇಳಿದರು.