ವಯಸ್ಸಿನ ಪುರಾವೆ, ಮಗುವಿನ ಖಾಸಗಿತನ

ಸಾಮಾಜಿಕ ಜಾಲತಾಣಗಳಲ್ಲಿ ಮಕ್ಕಳಿಗೆ ರಕ್ಷಣೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ರಕ್ಷಣೆಗಾಗಿ ಯಾರಿಗೆ ಕಡಿವಾಣ ಹಾಕಬೇಕು, ಮಗುವಿಗೋ, ಸಮಸ್ತ ಬಳಕೆದಾರರಿಗೋ, ಜಾಲತಾಣ ನಡೆಸುವ ಕಂಪನಿಗೋ ಎಂಬುದು ಇಲ್ಲಿನ ನೈತಿಕ ಪ್ರಶ್ನೆ.

ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಅಂಗೀಕರಿಸಿದ ಕಾಯ್ದೆಯ ಪ್ರಕಾರ, 2025ರ ಡಿಸೆಂಬರ್ 10ರಿಂದ 16 ತುಂಬದವರು ಅಲ್ಲಿನ ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ತಡೆಯಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡವಿದೆ. ಮಗುವಿಗಾಗಲಿ ಹೆತ್ತವರಿಗಾಗಲಿ ಇಲ್ಲ. ಹೊಣೆಯನ್ನು ಕಂಪನಿಯ ಹೆಗಲಿಗೆ ಹೊರಿಸಿದ್ದು ನ್ಯಾಯವೇ. ಆದರೆ 16 ತುಂಬದವರನ್ನು ಗುರುತಿಸಲು ತುಂಬಿದವರನ್ನೂ ಪರೀಕ್ಷಿಸಬೇಕಾಗುತ್ತದೆ. ಗುರುತಿನ ಚೀಟಿ ಕೇಳಿದರೆ ವಯಸ್ಸಿನ ಜೊತೆಗೆ ಹೆಸರೂ ವಿಳಾಸವೂ ಹೋಗುತ್ತವೆ. ಸೆಲ್ಫಿಯಿಂದ ವಯಸ್ಸು ಅಂದಾಜು ಮಾಡುವ ತಂತ್ರಾಂಶ 15 ಮತ್ತು 17ರ ನಡುವಿನ ವ್ಯತ್ಯಾಸ ಹಿಡಿಯುವಲ್ಲಿ ಎಡವುತ್ತದೆ. ಖಾತೆಯ ಚಟುವಟಿಕೆಯಿಂದ ಊಹಿಸಬೇಕಾದರೆ ಮಗುವಿನ ಪ್ರತಿ ನಡೆಯ ಮೇಲೂ ಕಣ್ಣಿಡಬೇಕು. ಯಾವುದರಿಂದ ಕಾಪಾಡಬೇಕಿತ್ತೋ ಅದೇ ಕಾಪಾಡುವ ಉಪಾಯವಾಗಿಬಿಡುತ್ತದೆ. ಈ ಭಯ ಕಾಲ್ಪನಿಕವಲ್ಲ: ವಯಸ್ಸಿನ ತಕರಾರು ಬಗೆಹರಿಸಲೆಂದು ಬಳಕೆದಾರರು ಕೊಟ್ಟಿದ್ದ ಗುರುತಿನ ಚೀಟಿಗಳಲ್ಲಿ ಸುಮಾರು 70,000 ಮಂದಿಯ ಚಿತ್ರಗಳು ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸೋರಿಹೋಗಿರಬಹುದು ಎಂದು ಸಂವಾದ ಜಾಲತಾಣ ಡಿಸ್ಕಾರ್ಡ್ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು.

ಸ್ವಾತಂತ್ರ್ಯ ಕುರಿತ ತನ್ನ 1859ರ ಕೃತಿಯಲ್ಲಿ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ಇತರರಿಗೆ ಹಾನಿಯಾಗದ ಹೊರತು ಯಾರನ್ನೂ ತಡೆಯಬಾರದೆಂಬ ತನ್ನ ತತ್ತ್ವ ಮಕ್ಕಳಿಗೆ ಅನ್ವಯಿಸದು ಎಂದು ಆರಂಭದಲ್ಲೇ ಅವರನ್ನು ಬದಿಗಿಟ್ಟ. ಇಂದಿನ ಬಹುಪಾಲು ಕಾಯ್ದೆಗಳು ಅದೇ ಜಾಡಿನಲ್ಲಿವೆ. ವಯೋಮಿತಿ ಅಲ್ಲಿ ಮಗುವನ್ನು ಹೊರಗಿಡುವ ಬೇಲಿ.

ಮಹಾಭಾರತದ ಆದಿಪರ್ವದಲ್ಲಿ ವಯೋಮಿತಿಗೆ ಬೇರೆಯದೇ ಕೆಲಸವಿದೆ. ಮಾಡದ ಕಳವಿಗೆ ಶೂಲಕ್ಕೇರಿದ ಮಾಂಡವ್ಯ ಮುನಿ ಧರ್ಮದೇವತೆಯನ್ನು ಕಾರಣ ಕೇಳುತ್ತಾನೆ. ಎಳವೆಯಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವಿದು ಎಂಬ ಉತ್ತರ ಬರುತ್ತದೆ. ಸಿಟ್ಟಿಗೆದ್ದ ಮುನಿ ಧರ್ಮನಿಗೆ ಮನುಷ್ಯನಾಗಿ ಹುಟ್ಟುವ ಶಾಪ ಕೊಟ್ಟು, 14 ವರ್ಷದವರೆಗೆ ಮಾಡಿದ್ದು ಪಾಪವೆನಿಸದು ಎಂಬ ಮೇರೆ ಹಾಕುತ್ತಾನೆ. ಆ ಶಾಪದಿಂದ ಹುಟ್ಟಿದವನೇ ವಿದುರ. ಇಲ್ಲಿ ಅನ್ಯಾಯವೆನಿಸಿದ್ದು ಮಗು ಮಾಡಿದ ತಪ್ಪಲ್ಲ, ಅದರ ದಾಖಲೆಯನ್ನು ದಶಕಗಳ ಕಾಲ ಕಾಪಿಟ್ಟು ದೊಡ್ಡವನಾದ ಮೇಲೆ ತೆಗೆದು ತೋರಿಸಿದ್ದು. ಹಾಕಿದ ಮೇರೆಯೂ ಮಗುವಿಗಲ್ಲ, ಲೆಕ್ಕ ಇಡುವ ಬಲಶಾಲಿಗೆ. ಹನ್ನೆರಡರ ಹುಡುಗನ ಹುಡುಕಾಟ, ಮೆಚ್ಚುಗೆ, ಮುನಿಸುಗಳನ್ನೆಲ್ಲ ಸರ್ವರ್‌ಗಳಲ್ಲಿ ಕೂಡಿಡುವ ಕಾಲದಲ್ಲಿ ಮಿಲ್‌ಗಿಂತ ಮಾಂಡವ್ಯನೇ ಹೆಚ್ಚು ಸರಿ.

ಎಳೆಯ ಮನಸ್ಸು ತಪ್ಪಿ ತಿದ್ದಿಕೊಂಡು ಬೆಳೆಯಲು ಯಾರೂ ನೋಡದ ಒಂದಿಷ್ಟು ಎಡೆ ಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಖಾಸಗಿತನವನ್ನು ಮಗುವಿನದೇ ಹಕ್ಕೆಂದು ಒಪ್ಪುತ್ತದೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿಗೆ ತುಸು ಮುನ್ನ ಆರಂಭವಾಗಿದ್ದ ಕಾನೂನು ರಚನೆಯ ಪ್ರಕ್ರಿಯೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕೊನೆಗೊಂಡಿತು.

ಈ ಕಾಯ್ದೆಯ 9ನೇ ಕಲಮಿನಲ್ಲಿ ಮಿಲ್ ಮತ್ತು ಮಾಂಡವ್ಯರ ಎರಡೂ ದೃಷ್ಟಿಗಳಿವೆ. ಮಕ್ಕಳ ವರ್ತನೆಯ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಅದು ನಿಷೇಧಿಸುತ್ತದೆ. ಇದು ಕಂಪನಿಗೆ ಹಾಕಿದ ಮೇರೆ, ಮೆಚ್ಚತಕ್ಕದ್ದು. ಆದರೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ಮಾಹಿತಿ ಬಳಸುವ ಮೊದಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕೆಂದೂ ಅದು ಹೇಳುತ್ತದೆ. ಆರು ವರ್ಷದ ಮಗುವಿಗೆ ಇದು ಸಹಜ ಆಸರೆ. ಮನೆಯಲ್ಲೇ ಹೊಡೆತ ತಿನ್ನುವ, ಬಲವಂತದ ಮದುವೆಗೆ ದೂಡಲ್ಪಡುತ್ತಿರುವ ಹದಿನೇಳರ ಹುಡುಗಿ ಸಂಕಟ ಹೇಳಿಕೊಳ್ಳಲು ಜಾಲತಾಣದ ಗುಂಪೊಂದನ್ನು ಸೇರಬೇಕೆಂದರೆ, ಒಪ್ಪಿಗೆ ಕೇಳಬೇಕಾದದ್ದು ಅವಳು ಅಂಜುವ ವ್ಯಕ್ತಿಯನ್ನೇ. ಈ ಕಾಯ್ದೆಯಡಿಯ 2025ರ ನಿಯಮಗಳು ಆಸ್ಪತ್ರೆ, ಶಾಲೆ, ಶಿಶುಪಾಲನಾ ಕೇಂದ್ರಗಳಿಗೆ ಷರತ್ತಿನ ವಿನಾಯಿತಿ ಕೊಟ್ಟಿವೆ. ಅಂಥ ಗುಂಪುಗಳು ಆ ಪಟ್ಟಿಯಲ್ಲಿಲ್ಲ.