ಮೊದಲ ನೌಕೆ

ಗಣಕದ ಅಂತರಿಕ್ಷದಾಟಗಳಲ್ಲಿ ಮೊದಲು ದೊರೆಯುವುದು ಪುಟ್ಟ, ಚುರುಕಾದ ನೌಕೆ. ದಾರಿ ಹುಡುಕುವುದು, ಸುದ್ದಿ ತರುವುದು ಅದರ ಪಾಲಿನ ಕೆಲಸ. ದೊಡ್ಡದು ಕೈಗೆ ಬಂದೊಡನೆ ಅದು ಮೂಲೆ ಸೇರುತ್ತದೆ. ಏರಿದ ಮೇಲೆ ಮೆಟ್ಟಿಲಿಗೆ ಬೆಲೆಯಿಲ್ಲವೆ?

ಬೀದರದ ಆಕಾಶವನ್ನು ನೋಡಿದವರು ಹಾಗೆನ್ನಲಾರರು. ಇಲ್ಲಿನ ವಾಯುನೆಲೆಗೆ 2008ರಲ್ಲಿ ಬಂದ ಹಾಕ್, ಕಲಿಯುವವರ ವಿಮಾನ. ಮುಂದೆ ಶಿಷ್ಯ, ಹಿಂದೆ ಗುರು. ಶಿಷ್ಯ ಯುದ್ಧವಿಮಾನವೇರಿ ಹೋಗುತ್ತಾನೆ. ಹಾಕ್ ಇಲ್ಲಿಯೇ ಉಳಿದು ಮತ್ತೊಬ್ಬನನ್ನು ಹೊರುತ್ತದೆ. 1996ರಲ್ಲಿ ಇಲ್ಲಿ ಹುಟ್ಟಿದ ಸೂರ್ಯಕಿರಣ ತಂಡವೂ ದೇಶಕ್ಕೆ ತನ್ನ ಬೆಡಗು ತೋರಿದ್ದು ತರಬೇತಿಯ ವಿಮಾನಗಳಲ್ಲಿಯೇ: ಮೊದಲು ಕಿರಣ್, 2015ರಿಂದ ಹಾಕ್.

ನನಗೆ ಅಕ್ಷರ ತಿದ್ದಿಸಿದ ಮಾಸ್ತರರು ಔರಾದಿನಲ್ಲಿಯೇ ಉಳಿದರು. ಭಾಲ್ಕಿಗೆ, ಅಲ್ಲಿಂದ ಬೀದರಕ್ಕೆ ಬಂದ ನಾನು ಅವರನ್ನು ಕಂಡು 11 ವರ್ಷವಾಯಿತು. ಬಸ್ಸಿನ ದಾರಿಯೇನೋ ಹತ್ತಿರದ್ದೇ.